ಕುಚ್ಚು, ಜರಿ, ಪಿನ್‌ಕೋಡು: ಹ್ಯಾನೋವರ್‌ನ ಹಳೆಯ ಫುಟ್‌ಬಾಲ್ ಪತಾಕೆಗಳ ಅಸಲಿ-ನಕಲಿ

1965-66ರ ಇಂಟರ್-ಸಿಟೀಸ್ ಫೇರ್ಸ್ ಕಪ್‌ನಲ್ಲಿ ಹ್ಯಾನೋವರ್ 96 ತಂಡ ಬಾರ್ಸಿಲೋನಾಕ್ಕೆ ಸೋತದ್ದು ಆಟದಲ್ಲಲ್ಲ. ತನ್ನ ಮೈದಾನದಲ್ಲಿ 2-1ರಿಂದ ಗೆದ್ದಿತು, ಅಲ್ಲಿಗೆ ಹೋಗಿ 0-1ರಿಂದ ಸೋತಿತು, ಮೂರನೆಯ ಪಂದ್ಯ 1-1ರಲ್ಲಿ ನಿಂತಿತು. ಕೊನೆಗೆ ನಾಣ್ಯ ಚಿಮ್ಮಿಸಿದರು. ಬಾರ್ಸಿಲೋನಾ ಮುಂದಿನ ಸುತ್ತಿಗೆ ಹೋಯಿತು, ಆ ಸಲದ ಕಪ್ಪನ್ನೂ ಗೆದ್ದುಕೊಂಡಿತು. ಯುರೋಪಿನ ಇಂಥ ಪಂದ್ಯಗಳಲ್ಲಿ ಆಟ ಶುರುವಾಗುವ ಮೊದಲು ಇಬ್ಬರು ನಾಯಕರೂ ಕೈಕುಲುಕಿ ತಂತಮ್ಮ ಕ್ಲಬ್ಬಿನ ಪುಟ್ಟ ಪತಾಕೆಗಳನ್ನು ಬದಲಾಯಿಸಿಕೊಳ್ಳುವುದು ವಾಡಿಕೆ. ಜರ್ಮನರು ಇದನ್ನು ವಿಂಪೆಲ್ ಎನ್ನುತ್ತಾರೆ. ಈಗ ಯಾರೋ ಒಬ್ಬ ವ್ಯಾಪಾರಿ ಬಾರ್ಸಿಲೋನಾದ ಹಳೆಯ ವಿಂಪೆಲ್ ಒಂದನ್ನು ಮುಂದಿಟ್ಟು, ‘ಇದು ಆ ನಾಣ್ಯದ ಪಂದ್ಯದ್ದು’ ಎಂದನೆನ್ನಿ. ಕೊಳ್ಳುವವನ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ. ಬಟ್ಟೆ ಆ ಕಾಲದ್ದೇ? ಆ ಬಟ್ಟೆ ಆ ದಿನ ಆ ಮೈದಾನದಲ್ಲಿತ್ತೇ? ಮೊದಲನೆಯದಕ್ಕೆ ಬಟ್ಟೆಯೇ ಉತ್ತರ ಕೊಟ್ಟೀತು. ಎರಡನೆಯದಕ್ಕೆ ಅದು ಬಾಯಿ ಬಿಡುವುದಿಲ್ಲ. ಮೊದಲನೆಯ ಉತ್ತರವನ್ನೇ ಎರಡನೆಯದೆಂದು ನಂಬಿಸಿ ಮಾರುವುದು ಈ ವ್ಯಾಪಾರದ ಹಳೆಯ ಚಾಳಿ.

ಹ್ಯಾನೋವರ್ ಎಂದರೆ ಬೆಂಗಳೂರು, ಪೀಣ್ಯ ಕಡೆಯ ಎಂಜಿನಿಯರುಗಳಿಗೆ ಮೊದಲು ನೆನಪಾಗುವುದು ಅಲ್ಲಿನ ಕೈಗಾರಿಕಾ ಮೇಳ. 1947ರಲ್ಲಿ, ಊರು ಇನ್ನೂ ಬಾಂಬು ಬಿದ್ದ ಅವಶೇಷಗಳ ನಡುವೆ ಇದ್ದಾಗಲೇ ಶುರುವಾದ ಮೇಳ ಅದು; 2006ರಲ್ಲೂ 2015ರಲ್ಲೂ ಭಾರತವೇ ಅದರ ಪಾಲುದಾರ ದೇಶವಾಗಿತ್ತು. ಫೇರ್ಸ್ ಕಪ್ ಹುಟ್ಟಿದ್ದೇ ಹೀಗೆ ಮೇಳ ನಡೆಸುವ ಊರುಗಳ ನಡುವಿನ ಪಂದ್ಯಾವಳಿಯಾಗಿ. ಹ್ಯಾನೋವರ್‌ಗೆ ಅದರಲ್ಲಿ ಆಡುವ ಅವಕಾಶ ಸಿಕ್ಕಿದ್ದಕ್ಕೂ ಈ ಮೇಳಕ್ಕೂ ನಂಟಿದೆ.  

ಹಳೆಯ ಕ್ರೀಡಾ ಪತಾಕೆಗಳ ಸಂಗ್ರಹ ಎಂದೊಡನೆ ಪುಸ್ತಕಗಳೆಲ್ಲ ಅಮೆರಿಕದ ಬೇಸ್‌ಬಾಲ್ ಪೆನಂಟ್‌ಗಳತ್ತ ತಿರುಗುತ್ತವೆ. ಅಲ್ಲಿನದು ಫೆಲ್ಟ್ ಬಟ್ಟೆಯ ಉದ್ದನೆಯ ತ್ರಿಕೋನ, ಸುಮಾರು 30 ಅಂಗುಲ, ಅಗಲದ ಬದಿಗೆ ಬೇರೆ ಬಣ್ಣದ ಪಟ್ಟಿ, ಕಟ್ಟಲು ಲಾಡಿ. ಬಹಳ ಹಳೆಯವುಗಳಲ್ಲಿ ಅಕ್ಷರಗಳನ್ನು ಬೇರೆ ಫೆಲ್ಟ್‌ನಲ್ಲಿ ಕತ್ತರಿಸಿ ಹೊಲಿದಿರುತ್ತಾರೆ. ಆಮೇಲೆ ಪರದೆ ಮುದ್ರಣ ಬಂತು. ಬಫೆಲೋ ನಗರದ ಟ್ರೆಂಚ್, ಮಿನೆಸೋಟದ ವಿನ್‌ಕ್ರಾಫ್ಟ್‌ನಂಥ ತಯಾರಕರ ಗುರುತುಗಳನ್ನು ಹಿಡಿದು ಕಾಲ ಹೇಳುವವರು ಅಲ್ಲಿದ್ದಾರೆ. ತಂಡಗಳೇ ಊರು ಬಿಟ್ಟು ಊರಿಗೆ ಹೋಗುವುದರಿಂದ ಇನ್ನೊಂದು ಅನುಕೂಲ: ಡಾಜರ್ಸ್ ತಂಡ 1957ರ ಹಂಗಾಮು ಮುಗಿಸಿ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲೀಸ್ ಸೇರಿತು, ಹಾಗಾಗಿ ಬ್ರೂಕ್ಲಿನ್ ಎಂದಿರುವ ಅಸಲಿ ಪೆನಂಟ್ ಅದಕ್ಕೂ ಹಿಂದಿನದೇ ಆಗಿರಬೇಕು. ನಡೆಯದ ಪಂದ್ಯಕ್ಕೂ ಅಲ್ಲಿ ಸರಕು ಸಿಗುತ್ತದೆ. 1964ರಲ್ಲಿ ಫಿಲಡೆಲ್ಫಿಯಾ ಫಿಲೀಸ್ ಗೆದ್ದೇ ಗೆಲ್ಲುತ್ತದೆಂದು ವಿಶ್ವ ಸರಣಿಯ ಟಿಕೆಟ್ಟುಗಳನ್ನೂ ಅಚ್ಚು ಹಾಕಿಸಿದ್ದರು. ತಂಡ ಕೊನೆಗಳಿಗೆಯಲ್ಲಿ ಸಾಲಾಗಿ ಹತ್ತು ಪಂದ್ಯ ಸೋತು ಮನೆಗೆ ಹೋಯಿತು. ನಕಲಿ ಸಹಿಗಳ ಹಾವಳಿ ಎಷ್ಟಾಯಿತೆಂದರೆ ಎಫ್‌ಬಿಐ ಕೈ ಹಾಕಬೇಕಾಯಿತು. 2001ರಿಂದ ಮೇಜರ್ ಲೀಗ್ ತಾನೇ ಹೊಲೊಗ್ರಾಮ್ ಅಂಟಿಸುವ ದೃಢೀಕರಣ ವ್ಯವಸ್ಥೆ ಶುರು ಮಾಡಿತು.

ಹ್ಯಾನೋವರ್‌ನಲ್ಲಿ ಬೇಸ್‌ಬಾಲ್ ಇಲ್ಲವೆಂದಲ್ಲ. ರೀಜೆಂಟ್ಸ್ ಎಂಬ ಕ್ಲಬ್ಬಿದೆ. ಆದರೆ ಯುದ್ಧದ ನಂತರ ಅಮೆರಿಕನ್ ಸೈನಿಕರು ಬೀಡುಬಿಟ್ಟಿದ್ದ ದಕ್ಷಿಣದ ಮಾನ್‌ಹೈಮ್, ಹೈಡಲ್‌ಬರ್ಗ್ ಕಡೆ ಆ ಆಟ ಬೇರೂರಿದಷ್ಟು ಇಲ್ಲಿ ಊರಲಿಲ್ಲ. ಇದು ಬ್ರಿಟಿಷರ ವಲಯವಾಗಿತ್ತು. ಊರಿನ ಹಳೆಯ ಇಂಗ್ಲಿಷ್ ಚಟ ರಗ್ಬಿ. 1878ರ ಕ್ಲಬ್ಬು ಇನ್ನೂ ಇದೆ, ಹ್ಯಾನೋವರ್ 96 ಕೂಡ 1896ರಲ್ಲಿ ಹುಟ್ಟಿದಾಗ ಮೊದಲು ಆಡಿದ್ದು ಅಥ್ಲೆಟಿಕ್ಸ್ ಮತ್ತು ರಗ್ಬಿಯನ್ನೇ. ಆದ್ದರಿಂದ ಇಲ್ಲಿ ಪತಾಕೆ ಸಂಗ್ರಹಿಸುವವನು ಫುಟ್‌ಬಾಲಿನ ವಿಂಪೆಲ್ ಹುಡುಕುತ್ತಾನೆ. ಅದು ಅಡ್ಡಕ್ಕೆ ಚಾಚುವ ತ್ರಿಕೋನವಲ್ಲ, ಕೆಳಕ್ಕೆ ಮೊನೆಯಾಗಿ ಇಳಿಯುವ ಬಟ್ಟೆ. ಮೇಲೆ ಒಂದು ಸಣ್ಣ ಕೋಲು, ತೂಗುಹಾಕಲು ತಿರುಚಿದ ಹುರಿ, ಅಂಚಿಗೆ ಬಂಗಾರ ಅಥವಾ ಬೆಳ್ಳಿ ಬಣ್ಣದ ಜಾಲರಿ, ಕೆಲವಕ್ಕೆ ಕುಚ್ಚು.

ಇದರಲ್ಲಿ ಮೂರು ಜಾತಿ. ನಾಯಕರು ಮೈದಾನದಲ್ಲಿ ಬದಲಾಯಿಸಿಕೊಳ್ಳುವ ದೊಡ್ಡ, ಕಸೂತಿಯ ವಿಂಪೆಲ್ ಒಂದು. ಅಂಗಡಿಯಲ್ಲಿ ಅಭಿಮಾನಿಗಳಿಗೆ ಮಾರುವ ಅಚ್ಚಿನದು ಇನ್ನೊಂದು. ಕಾರಿನ ಕನ್ನಡಿಗೆ ತೂಗುಹಾಕುವ ಅಂಗೈಯಗಲದ್ದು ಇದೇ ಜಾತಿ. ಮೂರನೆಯದು ಕ್ಲಬ್ಬು ತನ್ನ ಐವತ್ತನೆಯ, ಎಪ್ಪತ್ತೈದನೆಯ ವರ್ಷಕ್ಕೆ ಮಾಡಿಸುವ ಸ್ಮರಣೆಯ ಪತಾಕೆ. ಹಣವೆಲ್ಲ ಓಡುವುದು ಮೊದಲನೆಯದರ ಹಿಂದೆ, ಮೋಸವೂ ಅಷ್ಟೇ. ನನ್ನ ಮಟ್ಟಿಗೆ ಮೂರನೆಯದೇ ಹೆಚ್ಚು ರುಚಿ. ಹಳ್ಳಿಯ ಕ್ಲಬ್ಬೊಂದರ ಸ್ಮರಣೆಯ ಪತಾಕೆಯನ್ನು ನಕಲು ಮಾಡಿ ಯಾರಿಗೂ ಲಾಭವಿಲ್ಲ, ಹಾಗಾಗಿ ಅದು ಸುಳ್ಳು ಹೇಳುವುದೂ ಇಲ್ಲ.

ಇವೆಲ್ಲ ಕೈಗೆ ಸಿಗುವ ಜಾಗ ಲೈನೆ ನದಿಯ ದಂಡೆ. 1967ರಿಂದ ನಡೆಯುತ್ತಿರುವ ಅಲ್ಲಿನ ಶನಿವಾರದ ಹಳೆ ಸಾಮಾನಿನ ಸಂತೆ ಜರ್ಮನಿಯ ಇಂಥ ಸಂತೆಗಳಲ್ಲೇ ಹಳೆಯದೆಂದು ಹೆಸರಾಗಿದೆ. 1974ರಲ್ಲಿ ಊರಿನವರು ರೊಚ್ಚಿಗೆದ್ದು ವಿರೋಧಿಸಿದ, ಈಗ ಊರಿನ ಗುರುತೇ ಆಗಿಹೋಗಿರುವ ನಿಕಿ ದ ಸಾಂ ಫಾಲ್ ಅವರ ‘ನಾನಾ’ ಎಂಬ ಹೆಸರಿನ ಮೂರು ಬಣ್ಣಬಣ್ಣದ ಹೆಂಗಸರ ಶಿಲ್ಪಗಳು ಪಕ್ಕದಲ್ಲೇ ಇವೆ. ಪತಾಕೆಗಳು ಮೇಜಿನ ಮೇಲೆ ಹರಡಿರುವುದಿಲ್ಲ. ಬಿಯರ್ ಲೋಟ, ಕ್ಯಾಮೆರಾ, ಚಮಚಗಳ ಕೆಳಗೆ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಾಗಿ ಬಿದ್ದಿರುತ್ತವೆ. ಯಾವುದೋ ಕ್ಲಬ್ಬಿನ ಬಾರು ಮುಚ್ಚಿದಾಗ ಗೋಡೆಯಿಂದ ಕಿತ್ತು ತಂದ ಸರಕು ಅದು. ಹಾಗೆ ಬಂದದ್ದಾದರೆ ಮೂಗೇ ಮೊದಲ ಪರೀಕ್ಷಕ. ಹ್ಯಾನೋವರ್ ಇರುವ ಲೋವರ್ ಸ್ಯಾಕ್ಸನಿ ರಾಜ್ಯದ ಬಾರುಗಳಲ್ಲಿ ಸಿಗರೇಟಿಗೆ ತಡೆ ಬಿದ್ದದ್ದು 2007ರಲ್ಲಿ. ಅದಕ್ಕೂ ಮೊದಲು ದಶಕಗಟ್ಟಲೆ ಗೋಡೆಯಲ್ಲಿ ತೂಗಿದ ಬಿಳಿ ಸ್ಯಾಟಿನ್ ಹೊಗೆ ಕುಡಿದು ಹಳದಿಯಾಗಿರುತ್ತದೆ, ಆ ವಾಸನೆ ಬೇಗ ಬಿಡುವುದಿಲ್ಲ.

ಚಹಾದ ನೀರಿನಲ್ಲಿ ಅದ್ದಿದರೂ ಬಟ್ಟೆ ಹಳದಿಯಾಗುತ್ತದೆ. ವ್ಯತ್ಯಾಸ ಕಾಣಬೇಕಾದರೆ ಅಂಚಿನ ಮಡಿಕೆ ಬಿಡಿಸಿ ನೋಡಬೇಕು. ನಿಜವಾಗಿ ಗೋಡೆಯಲ್ಲಿದ್ದದ್ದರ ಮಡಿಕೆಯೊಳಗೆ ಬಣ್ಣ ಹೊಸದರಂತೆ ಉಳಿದಿರುತ್ತದೆ; ಮುಂಭಾಗ ಮಾಸಿ, ಗೋಡೆಗೆ ತಾಗಿದ ಹಿಂಭಾಗ ಗಾಢವಾಗಿರುತ್ತದೆ. ಅದ್ದಿದ ಬಟ್ಟೆಯಲ್ಲಿ ಹಳದಿ ಎಲ್ಲ ಕಡೆಯೂ ಒಂದೇ ಸಮ, ಹೊಲಿಗೆಯ ಸಂದಿಯಲ್ಲಿ ಮಾತ್ರ ಇನ್ನಷ್ಟು ದಟ್ಟ. ಮೊಳೆ ಚುಚ್ಚಿದ ತೂತಿನ ಸುತ್ತ ತುಕ್ಕಿನ ಉಂಗುರ ಇದ್ದರೆ ಸಂತೋಷ. ತೂತಿದ್ದು ತುಕ್ಕಿಲ್ಲದಿದ್ದರೆ ಕೇಳಬೇಕಾದ ಪ್ರಶ್ನೆ ಇದೆ.

ಜಾಲರಿಯ ವಿಷಯದಲ್ಲಿ ನಮ್ಮ ಸೀರೆ ಅಂಗಡಿಯ ಜಾಣತನ ಇಲ್ಲಿ ಹಾಗೇ ನಡೆಯುತ್ತದೆ. ಲೋಹದ ಎಳೆ ಸುತ್ತಿದ ಹಳೆಯ ಜರಿ ಕಾಲಕ್ರಮೇಣ ಕಪ್ಪಾಗುತ್ತದೆ, ಪ್ಲಾಸ್ಟಿಕ್ ಹಾಳೆಗೆ ಲೋಹದ ಲೇಪ ಕೊಟ್ಟ ಈಗಿನ ಜರಿ ಎಷ್ಟು ವರ್ಷವಾದರೂ ಮಿಂಚುತ್ತಲೇ ಇರುತ್ತದೆ. ರೇಷ್ಮೆ ನೋಡುವಾಗ ಮಾಡುವಂತೆ ಒಂದು ಎಳೆ ಕಿತ್ತು ಸುಟ್ಟರೆ ಉಣ್ಣೆಯೂ ರೇಷ್ಮೆಯೂ ಕೂದಲು ಸುಟ್ಟ ವಾಸನೆ ಕೊಟ್ಟು ಬೆರಳಲ್ಲಿ ಪುಡಿಯಾಗುವ ಬೂದಿ ಬಿಡುತ್ತವೆ. ರೇಯಾನ್ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ನಾರು ಇಂಗ್ಲೆಂಡಿನಲ್ಲಿ ಕಂಡುಹಿಡಿಯಲ್ಪಟ್ಟಿದ್ದೇ 1941ರಲ್ಲಿ, ಮಾರುಕಟ್ಟೆಗೆ ಬಂದದ್ದು ಯುದ್ಧ ಮುಗಿದ ಮೇಲೆ. ಆದ್ದರಿಂದ 1938ರದು ಎನ್ನುವ ಪತಾಕೆಯ ಹೊಲಿಗೆ ದಾರ ಕರಗಿ ಮಣಿಯಾದರೆ ಮಾತು ಅಲ್ಲಿಗೇ ಮುಗಿಯಿತು. ದಾರವನ್ನು ಆಮೇಲೆ ರಿಪೇರಿಗೆ ಹಾಕಿರಬಹುದಲ್ಲ ಎಂದು ವ್ಯಾಪಾರಿ ಹೇಳದೆ ಇರುವುದಿಲ್ಲ. ಆಗ ಇನ್ನೊಂದು ಕಡೆಯಿಂದ ಇನ್ನೊಂದು ಎಳೆ ಕೇಳಿ; ಕೊಡಲು ಒಪ್ಪುತ್ತಾನೋ ಇಲ್ಲವೋ ಎನ್ನುವುದೂ ಒಂದು ಪರೀಕ್ಷೆಯೇ.

ಅತಿನೇರಳೆ ಟಾರ್ಚು ಈಗ ಎಲ್ಲರ ಜೇಬಿನಲ್ಲೂ ಇದೆ. ಬಟ್ಟೆಗೆ ಬೆಳ್ಳಗಿನ ಹೊಳಪು ಕೊಡುವ ರಾಸಾಯನಿಕಗಳು ಯುದ್ಧಾನಂತರ ಬಳಕೆಗೆ ಬಂದವು, ಅವು ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. ಆದರೆ ಟಾರ್ಚು ಹಿಡಿದವರೆಲ್ಲ ಪಂಡಿತರಲ್ಲ. ನಿಜವಾದ ಹಳೆ ಪತಾಕೆಯನ್ನು ಯಾವುದೋ ಮನೆಯಾಕೆ 1980ರಲ್ಲಿ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಅದೂ ಹೊಳೆಯುತ್ತದೆ. ಹೊಳೆಯದ ಹಳೆ ರೇಯಾನ್ ಬಟ್ಟೆಯ ಥಾನು ತಂದು ಹೊಸದಾಗಿ ಹೊಲಿದರೆ ಅದು ಹೊಳೆಯುವುದಿಲ್ಲ. ಭೂತಗನ್ನಡಿಯಿಂದ ಸಿಗುವ ಸಾಕ್ಷ್ಯ ಇದಕ್ಕಿಂತ ಗಟ್ಟಿ. ಪರದೆ ಮುದ್ರಣದಲ್ಲಿ ಬಣ್ಣ ಒಂದೇ ಹರಹಾಗಿ ಕೂತು, ಅಂಚು ತುಸು ಉಬ್ಬಿರುತ್ತದೆ. ಕಂಪ್ಯೂಟರ್ ಮುದ್ರಣ ಚುಕ್ಕೆ ಚುಕ್ಕೆಯಾಗಿ ಒಡೆದು ಕಾಣುತ್ತದೆ. ಕೈಯಲ್ಲಿ ತಿರುಗಿಸುತ್ತಾ ನಡೆಸುವ ಹಳೆಯ ಕಸೂತಿ ಯಂತ್ರದ ಸರಪಳಿ ಹೊಲಿಗೆ ತಿರುವುಗಳಲ್ಲಿ ತುಸು ಅತ್ತಿತ್ತ ಆಗುತ್ತದೆ, 9ರ ಹೊಟ್ಟೆಯೂ 6ರ ಹೊಟ್ಟೆಯೂ ಒಂದೇ ಅಳತೆ ಇರುವುದಿಲ್ಲ. ಹ್ಯಾನೋವರ್ 96ರ ಪತಾಕೆಯಲ್ಲಿ ಈ ಎರಡು ಅಂಕಿಗಳೇ ದೊಡ್ಡದಾಗಿರುವುದರಿಂದ ನೋಡುವವನಿಗೆ ಅನುಕೂಲ: 9ನ್ನು ತಲೆಕೆಳಗಾಗಿಸಿದಾಗ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ 6 ಆಗುವುದಾದರೆ, ಅದನ್ನು ಹೊಲಿದದ್ದು ಕೈಯಲ್ಲ, ಕಂಪ್ಯೂಟರ್ ಫೈಲು.

ಬಟ್ಟೆಗಿಂತ ಬರಹ ಹೆಚ್ಚು ಮಾತಾಡುತ್ತದೆ. ಹಿಂಬದಿಯ ಮೂಲೆಯಲ್ಲಿ ತಯಾರಕನ ಪುಟ್ಟ ಚೀಟಿ ಉಳಿದಿದ್ದರೆ ಅದರಲ್ಲಿ ವಿಳಾಸವಿರುತ್ತದೆ, ವಿಳಾಸದಲ್ಲಿ ಪಿನ್‌ಕೋಡು. ಜರ್ಮನಿಯ ಅಂಚೆ ಇಲಾಖೆ ಇತಿಹಾಸಕಾರರಿಗೆ ಮಾಡಿದಷ್ಟು ಉಪಕಾರ ಬೇರಾರೂ ಮಾಡಿಲ್ಲ. 1950ರ ದಶಕದ ಕಾಗದಗಳಲ್ಲಿ ಊರಿನ ಹೆಸರಿನ ಹಿಂದೆ ಆವರಣದೊಳಗೆ 20a ಎಂಬ ವಲಯ ಸಂಖ್ಯೆ ಇರುತ್ತದೆ. 1961-62ರಲ್ಲಿ ನಾಲ್ಕಂಕಿಯ ಸಂಖ್ಯೆ ಬಂತು. ಹ್ಯಾನೋವರ್‌ಗೆ 3000, ಮೊದಮೊದಲು ಸೊನ್ನೆಗಳನ್ನು ಬಿಟ್ಟು ಬರೀ ‘3 ಹ್ಯಾನೋವರ್’ ಎಂದು ಬರೆಯುತ್ತಿದ್ದರು. ಎರಡು ಜರ್ಮನಿಗಳು ಒಂದಾದ ಮೇಲೆ, 1993ರ ಜುಲೈ 1ರಿಂದ, ಐದಂಕಿ. ಊರಿನ ಸಂಖ್ಯೆಗಳೆಲ್ಲ 30ರಿಂದ ಶುರು. ಹಾಗಾಗಿ ತಂಡ ಜರ್ಮನ್ ಚಾಂಪಿಯನ್ ಆದ 1954ರ ಪತಾಕೆಯ ಚೀಟಿಯಲ್ಲಿ 3000 ಎಂದಿದ್ದರೆ ಅದು ನಕಲಿಯೇ ಆಗಬೇಕಿಲ್ಲ, ಆದರೆ 1954ರಲ್ಲಿ ಹೊಲಿದದ್ದಂತೂ ಅಲ್ಲ. ‘ವಲಯ’ ಎಂಬ ಪದವಿದ್ದು ಬ್ರಿಟಿಷ್ ಅಥವಾ ಅಮೆರಿಕನ್ ಎಂದಿದ್ದರೆ ಯುದ್ಧ ಮುಗಿದ ಮೊದಲ ಕೆಲವು ವರ್ಷಗಳದ್ದು. ‘ಪಶ್ಚಿಮ ಜರ್ಮನಿ’ ಎಂದಿದ್ದರೆ 1949ರ ಈಚಿನದು, ಹೆಚ್ಚುಕಡಿಮೆ 1990ಕ್ಕೆ ಮೊದಲಿನದು.

ಮೈದಾನದ ಹೆಸರೂ ಹೀಗೆಯೇ ಕಾಲ ಹೇಳುತ್ತದೆ. ಬಾಂಬಿಗೆ ಉರುಳಿದ ಮನೆಗಳ ಇಟ್ಟಿಗೆ-ಗಾರೆ ರಾಶಿ ಹಾಕಿ ಅದರ ಮೇಲೆ ಕಟ್ಟಿದ ಕ್ರೀಡಾಂಗಣ 1954ರ ಸೆಪ್ಟೆಂಬರಿನಲ್ಲಿ ತೆರೆಯಿತು, ಹೆಸರು ನೀಡರ್‌ಸಾಕ್ಸನ್ ಸ್ಟಾಡಿಯೊನ್. 2002ರಲ್ಲಿ ಎಡಬ್ಲ್ಯುಡಿ ಅರೆನಾ ಆಯಿತು, 2013ರಲ್ಲಿ ಎಚ್‌ಡಿಐ ಅರೆನಾ, 2022ರಲ್ಲಿ ಹೈಂಟ್ಸ್ ಫೋನ್ ಹೈಡೆನ್ ಅರೆನಾ. ಹೆಸರು ಮಾರುವುದನ್ನು ಹಳೆಯ ಅಭಿಮಾನಿಗಳು ಎಷ್ಟು ಬೈದರೂ ಪತಾಕೆಯ ಕಾಲ ಹುಡುಕುವವನಿಗೆ ಅದೊಂದು ವರ. ಇನ್ನು ಪತಾಕೆಯ ಮೇಲಿನ ಇಸವಿಯನ್ನು ಅದರ ವಯಸ್ಸೆಂದು ತಿಳಿಯುವುದು ಹೊಸಬರೆಲ್ಲ ಬೀಳುವ ಹಳ್ಳ. ‘ಜರ್ಮನ್ ಚಾಂಪಿಯನ್ 1938, 1954’ ಎಂಬ ಸಾಲು 1970ರ ದಶಕದ ಅಭಿಮಾನಿ ಪತಾಕೆಯಲ್ಲೂ ಇರಬಹುದು. ಜೊತೆಗೆ ತಂಡ 1992ರಲ್ಲಿ ಗೆದ್ದ ಜರ್ಮನ್ ಕಪ್ಪಿನ ಹೆಸರೂ ಇದ್ದರೆ ಅದು ಆಮೇಲಿನದು. ಪಟ್ಟಿಯ ಕೊನೆಯ ಇಸವಿಯಿಂದ ಈಚೆಗಷ್ಟೇ ಹುಡುಕಬೇಕು.

ಬಣ್ಣದಲ್ಲೊಂದು ಸ್ಥಳೀಯ ತಮಾಷೆಯಿದೆ. ತಂಡ ಆಡುವುದು ಕೆಂಪು ಅಂಗಿಯಲ್ಲಿ, ಊರಿನವರು ಕರೆಯುವುದು ‘ಕೆಂಪಿನವರು’ ಎಂದೇ. ಕ್ಲಬ್ಬಿನ ಅಧಿಕೃತ ಬಣ್ಣಗಳು ಮಾತ್ರ ಕಪ್ಪು, ಬಿಳಿ, ಹಸಿರು. ಇದನ್ನು ತಿಳಿಯದ ಹೊರಗಿನ ನಕಲುಗಾರ ಹಳೆಯ ಅಧಿಕೃತ ವಿಂಪೆಲ್ ಎಂದು ಕೆಂಪು ನೆಲದ ಮೇಲೆ 96 ಹೊಲಿದು ತಂದರೆ ಅನುಮಾನ ಬರಲೇಬೇಕು. ಕೆಂಪಿದ್ದ ಮಾತ್ರಕ್ಕೆ ತಳ್ಳಿಹಾಕುವುದೂ ಸರಿಯಲ್ಲ, ಅಭಿಮಾನಿ ಸರಕಿನಲ್ಲಿ ಯಾವ ಬಣ್ಣವೂ ನಿಷಿದ್ಧವಲ್ಲ.

1938ರದು ಇವೆಲ್ಲಕ್ಕಿಂತ ತೊಡಕಿನ ವರ್ಷ. ಬರ್ಲಿನ್ನಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಶಾಲ್ಕ 04ರ ಎದುರು ಮೊದಲ ಫೈನಲ್ 3-3. ವಾರದ ನಂತರ ಮತ್ತೆ ಆಡಿ ಹೆಚ್ಚುವರಿ ಸಮಯದಲ್ಲಿ 4-3ರಿಂದ ಹ್ಯಾನೋವರ್ ಗೆದ್ದಿತು. ಆ ಕಾಲದ ಪ್ರಬಲ ತಂಡದ ವಿರುದ್ಧ ಬಂದ ಗೆಲುವು, ಹಾಗಾಗಿ ಅದರ ನೆನಪಿನ ವಸ್ತುಗಳಿಗೆ ಬೆಲೆ ಹೆಚ್ಚು. ಆದರೆ ಉಳಿದದ್ದು ಬಹಳ ಕಡಿಮೆ. 1943ರ ಅಕ್ಟೋಬರ್ 8-9ರ ಒಂದೇ ರಾತ್ರಿಯ ಬಾಂಬು ದಾಳಿ ಊರಿನ ನಡುಭಾಗವನ್ನು ಸುಟ್ಟುಹಾಕಿತು. ಮನೆಗಳ ಜೊತೆ ಕಪಾಟುಗಳು, ಕಪಾಟಿನ ಜೊತೆ ಬಟ್ಟೆ-ಕಾಗದ. ಉಳಿದವನ್ನೂ 1945ರಲ್ಲಿ ಜನರೇ ಒಲೆಗೆ ಹಾಕಿದ್ದುಂಟು, ಏಕೆಂದರೆ ಆಗಿನ ಕ್ರೀಡಾ ಒಕ್ಕೂಟದ ಲಾಂಛನದಲ್ಲಿ ಹದ್ದಿನ ಜೊತೆ ಸ್ವಸ್ತಿಕವಿತ್ತು. ವಸ್ತು ವಿರಳ, ಬೆಲೆ ಜಾಸ್ತಿ, ಹೋಲಿಸಿ ನೋಡಲು ಇನ್ನೊಂದು ಸಿಗುವುದಿಲ್ಲ. ನಕಲುಗಾರನಿಗೆ ಇದಕ್ಕಿಂತ ಇನ್ನೇನು ಬೇಕು?

ನಮ್ಮ ರಂಗೋಲಿಯ ಸ್ವಸ್ತಿಕಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಇಲ್ಲಿನ ಪೊಲೀಸರಿಗೆ ಪಾಠ ಹೇಳಲು ಹೋಗಬಾರದು. ಜರ್ಮನ್ ದಂಡ ಸಂಹಿತೆಯ 86a ಕಲಮಿನ ಪ್ರಕಾರ ನಾಜಿ ಚಿಹ್ನೆಗಳನ್ನು ಸಾರ್ವಜನಿಕವಾಗಿ ತೋರಿಸುವುದು, ಹಂಚುವುದು ಅಪರಾಧ. ಸಂಶೋಧನೆ, ಕಲೆ, ವರದಿ, ನಾಗರಿಕ ಶಿಕ್ಷಣಕ್ಕೆ ವಿನಾಯಿತಿ ಉಂಟು, ಮನೆಯೊಳಗೆ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಹಾಗಾಗಿ ಸಂತೆಯಲ್ಲಿ ಅಂಥ ಪತಾಕೆ ಬಂದರೆ ಲಾಂಛನದ ಮೇಲೆ ಕಾಗದದ ಚೂರು ಅಂಟಿಸಿರುತ್ತಾರೆ. ಆ ಚೂರಿನ ಕೆಳಗೆ ಇರುವುದು ನಿಜವಾದ ಕಸೂತಿಯೋ ಹೊಸ ಅಚ್ಚೋ ಎಂದು ನೋಡಲೂ ಆಗದ ಸ್ಥಿತಿ. ಇನ್ನೊಂದು ಸುಳಿವು: ನಾಜಿ ಕಾಲ ಎಂದ ಕೂಡಲೇ ನಕಲು ಮಾಡುವವರು ಗೋಥಿಕ್ ಅಕ್ಷರ ಹಾಕುತ್ತಾರೆ. 1941ರ ಜನವರಿಯಲ್ಲಿ ಆ ಅಕ್ಷರ ಬಿಡಬೇಕೆಂದು ಆದೇಶ ಹೊರಡಿಸಿದ್ದು ಅದೇ ನಾಜಿ ಸರ್ಕಾರ. 1942ರ ಸರಕಾರಿ ಕ್ರೀಡಾಕೂಟದ್ದು ಎನ್ನುವ ಪತಾಕೆಯ ತುಂಬ ಗೋಥಿಕ್ ಇದ್ದರೆ ಎರಡು ಸಲ ಯೋಚಿಸಬೇಕು.

1954ರ ಕತೆ ಹಗುರ. ಮೇ 23ರಂದು ಹ್ಯಾಂಬರ್ಗಿನಲ್ಲಿ ಫಿಫಿ ಕ್ರೋನ್ಸ್‌ಬೈನ್ ತರಬೇತಿಯ ಹ್ಯಾನೋವರ್ ತಂಡ ಕೈಸರ್ಸ್‌ಲಾಟರ್ನನ್ನು 5-1ರಿಂದ ಬಡಿಯಿತು. ಆರು ವಾರದ ನಂತರ ಬರ್ನ್‌ನಲ್ಲಿ ವಿಶ್ವಕಪ್ ಗೆದ್ದ ಜರ್ಮನ್ ಹನ್ನೊಂದರಲ್ಲಿ ಸೋತ ಆ ಕೈಸರ್ಸ್‌ಲಾಟರ್ನಿನ ಐವರಿದ್ದರು, ಗೆದ್ದ ಹ್ಯಾನೋವರ್‌ನ ಒಬ್ಬರೂ ಇರಲಿಲ್ಲ. ಬರ್ನ್‌ನ ಪತಾಕೆಗಾಗಿ ದೇಶವೇ ಮುಗಿಬೀಳುತ್ತದೆ. ಹ್ಯಾಂಬರ್ಗಿನದಕ್ಕೆ ಹ್ಯಾನೋವರ್‌ನವರು ಮಾತ್ರ ಗಿರಾಕಿ. 1992ರಲ್ಲಿ ಎರಡನೆಯ ದರ್ಜೆಯಲ್ಲಿದ್ದ ತಂಡ ಗೋಲಿ ಯೋರ್ಗ್ ಸೀವರ್ಸ್ ಭರವಸೆಯಲ್ಲಿ ಪೆನಾಲ್ಟಿಗಳಲ್ಲಿ ಮೋನ್‌ಶೆನ್‌ಗ್ಲಾಡ್‌ಬಾಖ್ ತಂಡವನ್ನು ಸೋಲಿಸಿ ಜರ್ಮನ್ ಕಪ್ ಎತ್ತಿತು. ಅದರ ಫಲವಾಗಿ ಸಿಕ್ಕ ಯುರೋಪಿಯನ್ ಪಂದ್ಯದಲ್ಲಿ ಎದುರಾಳಿ ಯಾರೆಂದರೆ ನೆರೆಯೂರಿನ ವೆರ್ಡರ್ ಬ್ರೆಮೆನ್! ನೂರು ಕಿಲೋಮೀಟರ್ ಆಚೆಯ ಊರಿನ ಜೊತೆ ಯುರೋಪಿಯನ್ ವಿಂಪೆಲ್ ಬದಲಾಯಿಸಿಕೊಂಡ ಆ ಜೋಡಿ ಎಲ್ಲಾದರೂ ಸಿಕ್ಕರೆ, ಬಾರ್ಸಿಲೋನಾದ್ದಕ್ಕಿಂತ ನಾನು ಅದನ್ನೇ ಆರಿಸಿಕೊಂಡೇನು. ಇನ್ನು 1996ರ ಶತಮಾನೋತ್ಸವದ ಸರಕು ಅಗ್ಗ, ಹೇರಳ. ನೂರು ತುಂಬಿದ ಆ ಹಂಗಾಮಿನಲ್ಲೇ ತಂಡ ಮೂರನೆಯ ದರ್ಜೆಗೆ ಜಾರಿತು.

ಇಷ್ಟೆಲ್ಲ ಪರೀಕ್ಷೆ ಗೆದ್ದರೂ ತಿಳಿಯುವುದು ಇಷ್ಟೇ: ಈ ಪತಾಕೆ ಇಂಥ ವರ್ಷಕ್ಕಿಂತ ಹಿಂದಿನದಲ್ಲ. ಸುಳ್ಳನ್ನು ಸುಳ್ಳೆಂದು ತೋರಿಸಲು ಬಟ್ಟೆಯ ಒಂದು ಎಳೆ ಸಾಕು. ನಿಜವನ್ನು ನಿಜವೆಂದು ತೋರಿಸಲು ಬಟ್ಟೆಯ ಹೊರಗೆ ಹೋಗಬೇಕು. ಅಮೆರಿಕದ ಹೊಲೊಗ್ರಾಮ್ ಗೆದ್ದಿರುವುದು ಹೀಗೆಯೇ: ಪಂದ್ಯದ ದಿನವೇ ಮೈದಾನದಲ್ಲಿ ನಿಂತು ಕಣ್ಣಾರೆ ಕಂಡವನು ಅಂಟಿಸುತ್ತಾನೆ. ಹಿಂದಿನ ಕಾಲಕ್ಕೆ ಹೋಗಿ ಅಂಟಿಸಲು ಬರುವುದಿಲ್ಲ. ಹಳೆಯ ವಿಂಪೆಲ್‌ಗಳ ಜೊತೆ ಹರಾಜಿನಲ್ಲಿ ಬರುವ ‘ಆಟಗಾರನ ಕುಟುಂಬದಿಂದ’ ಎಂಬ ಪತ್ರಗಳನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಕುಟುಂಬದವರು ಸುಳ್ಳು ಹೇಳುತ್ತಾರೆಂದಲ್ಲ. ಅಜ್ಜನ ಕಪಾಟಿನಲ್ಲಿ ಮೈದಾನದಲ್ಲಿ ಪಡೆದ ವಿಂಪೆಲ್ಲೂ ಅಂಗಡಿಯಲ್ಲಿ ಕೊಂಡದ್ದೂ ಒಟ್ಟಿಗೇ ಇರುತ್ತವೆ, ಮೊಮ್ಮಗಳಿಗೆ ಎರಡೂ ಅಜ್ಜನದೇ.

ನಂಬಬಹುದಾದದ್ದು ಫೋಟೋ. ನಾಯಕರು ಕೈಕುಲುಕುವ ಹೊತ್ತಿಗೆ ಪತ್ರಿಕೆಯ ಛಾಯಾಗ್ರಾಹಕ ಎದುರಿಗೇ ನಿಂತಿರುತ್ತಾನೆ, ಪತಾಕೆ ಅವನತ್ತ ಮುಖ ಮಾಡಿರುತ್ತದೆ. ಕೈಹೊಲಿಗೆಯ ವಕ್ರತೆ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಅಂಚಿಗೆ ಓಡಿದ ಅಕ್ಷರ, ಎಡಕ್ಕೆ ಜಗ್ಗಿದ ಜಾಲರಿ, ಕುಚ್ಚಿನ ಗಂಟು ಫೋಟೋದಲ್ಲೂ ಕೈಯಲ್ಲಿರುವುದರಲ್ಲೂ ಒಂದೇ ಆದರೆ ಮಾತು ಗಟ್ಟಿ. 1981ರಲ್ಲಿ ಸ್ಥಾಪನೆಯಾದ ಲೋವರ್ ಸ್ಯಾಕ್ಸನಿ ಕ್ರೀಡಾ ಇತಿಹಾಸ ಸಂಸ್ಥೆ ಹ್ಯಾನೋವರ್‌ನಲ್ಲೇ ಇದ್ದು, ಈ ಪ್ರಾಂತದ ಕ್ಲಬ್ಬುಗಳ ಕಾಗದಪತ್ರಗಳನ್ನು ಕೂಡಿಡುತ್ತಿದೆ. ಪತಾಕೆ ಕೊಳ್ಳುವ ಮುನ್ನ ಹೋಗಬೇಕಾದದ್ದು ಇಂಥ ಕಡೆಗೆ. ಹೆಚ್ಚಿನವರು ಕೊಂಡ ಮೇಲೆ ಹೋಗುತ್ತಾರೆ.

ಹ್ಯಾನೋವರ್ ಶಾಲ್ಕವನ್ನು ಸೋಲಿಸಿದ ಅದೇ 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಸತತ ಎರಡನೆಯ ಸಲ ಗೆದ್ದಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ಕ್ಲಬ್ಬು ಅದು. ಬೆಂಗಳೂರಿಗೆ ಬಾಂಬು ಬಿದ್ದಿಲ್ಲ, ಯಾವ ಲಾಂಛನವನ್ನೂ ಹೆದರಿ ಸುಡಬೇಕಾದ ಪ್ರಮೇಯ ಬಂದಿಲ್ಲ. ಆ ತಂಡದ ಒಂದು ಅಂಗಿ, ಒಂದು ಗುಂಪು ಫೋಟೋ, ಒಂದು ಬಾವುಟ ದಂಡು ಪ್ರದೇಶದ ಯಾವುದಾದರೂ ಹಳೆ ಮನೆಯ ಟ್ರಂಕಿನಲ್ಲಿ ಇನ್ನೂ ಇದ್ದರೆ, ಅದರ ಜೊತೆಗಿನ ಪತ್ರಿಕೆ ತುಣುಕನ್ನೂ ಟಿಕೆಟ್ಟನ್ನೂ ಬೇರೆ ಮಾಡದೆ ಇಡಬೇಕು. ಒಗೆಯಬಾರದು, ಲ್ಯಾಮಿನೇಟ್ ಮಾಡಿಸಬಾರದು. ವಸ್ತುಸಂಗ್ರಹಾಲಯಗಳು ಹಳೆಯ ಬಟ್ಟೆಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಗೊಡುವುದಿಲ್ಲ. ನಮ್ಮ ಮನೆಗಳ ಹಾಲಿನಲ್ಲಿ ಕಿಟಕಿ ಎದುರಿನ ಗೋಡೆಗೆ ಹಗಲಲ್ಲಿ ಅದರ ಎಷ್ಟೋ ಪಟ್ಟು ಬೆಳಕು ಬೀಳುತ್ತದೆ.